ಎರಡನೇ ಟ್ಯೂಬು ಹೇಳುವ ಮಾತು: ಹೃದ್ರೋಗಿಯ ಆಯಸ್ಸನ್ನು ರಕ್ತದಲ್ಲಿ ಓದಲು ಕಲಿತ ಬಗೆ

ಜಗಳೂರು, ಹೊನ್ನಾಳಿ ಕಡೆಯಿಂದ ಎದೆನೋವು ಅಂತ ದಾವಣಗೆರೆಗೆ ಬಂದವರಿಗೆ ಮೊದಲು ಈಸಿಜಿ, ಅದರ ಬೆನ್ನಿಗೇ ಒಂದು ಟ್ಯೂಬು ರಕ್ತ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಪ್ರೋಟೀನು ಟ್ರೋಪೋನಿನ್. ಚೀಟಿಯಲ್ಲಿ ‘ಟ್ರೋಪೋನಿನ್ ಟಿ 38’ ಅಂತ ಬಂದರೆ ಜತೆಗಿದ್ದವರ ಪ್ರಶ್ನೆ ಒಂದೇ: ‘ಜಾಸ್ತಿ ಐತೇನ್ರೀ ಡಾಕ್ಟ್ರೇ?’ ಹೆಚ್ಚಿನ ಸಂವೇದನೆಯ ಪರೀಕ್ಷೆಯಲ್ಲಿ 14ರ ಮೇಲೆ ಹೋದರೆ ಜಾಸ್ತಿಯೇ. ಆದರೆ ನಿಜವಾದ ಉತ್ತರ ಇರುವುದು ಮೂರು ಗಂಟೆ ಬಿಟ್ಟು ತೆಗೆಯುವ ಎರಡನೇ ಟ್ಯೂಬಿನಲ್ಲಿ. ಆಗಲೂ 39, 40ರ ಆಸುಪಾಸಿನಲ್ಲೇ ನಿಂತಿದ್ದರೆ ಬಹಳ ದಿನದಿಂದ ಸೊರಗಿದ ಕಿಡ್ನಿಯೋ ಹೃದಯವೋ ಕಾರಣವಿರಬಹುದು. 240ಕ್ಕೆ ಏರಿದ್ದರೆ ಹೃದಯದ ಸ್ನಾಯು ಈಗಲೇ ಸಾಯುತ್ತಿದೆ ಅಂತ ಅರ್ಥ.

ಇಷ್ಟು ಅರ್ಥವಾಗಲು ವೈದ್ಯಕೀಯಕ್ಕೆ ಅರ್ಧ ಶತಮಾನ ಹಿಡಿಯಿತು. 1954ರಲ್ಲಿ ನ್ಯೂಯಾರ್ಕಿನ ಲಡ್ಯೂ, ರೊಬ್ಲೆವ್‌ಸ್ಕಿ ಮತ್ತು ಕಾರ್ಮೆನ್, ಹೃದಯಾಘಾತವಾದವರ ರಕ್ತದಲ್ಲಿ ಎಸ್‌ಜಿಒಟಿ ಎಂಬ ಕಿಣ್ವ ಏರುವುದನ್ನು ತೋರಿಸಿದರು. ಇಂದು ಲಿವರ್ ಪರೀಕ್ಷೆಯ ಚೀಟಿಯಲ್ಲಿ ಕಾಣುವುದೂ ಇದೇ ಎಸ್‌ಜಿಒಟಿ. ತೊಡಕೂ ಅಲ್ಲೇ ಇತ್ತು: ಕಾಮಾಲೆಯಾದರೂ ಏರುತ್ತದೆ, ಕುಡಿತದಿಂದಲೂ ಏರುತ್ತದೆ. ಆಮೇಲೆ ಬೇರೆ ಕಿಣ್ವಗಳಾದ ಎಲ್‌ಡಿಎಚ್ ಬಂತು, ಸಿಕೆ ಬಂತು, 1970ರ ದಶಕದಲ್ಲಿ ಸಿಕೆ-ಎಂಬಿ ಬಂತು. ಇವಕ್ಕೆಲ್ಲ ಕೇಳುತ್ತಿದ್ದ ಮುಖ್ಯ ಪ್ರಶ್ನೆ, ಹೃದಯಾಘಾತ ಆಗಿದೆಯೋ ಇಲ್ಲವೋ ಎಂಬುದು. ಆದವರಲ್ಲಿ ಯಾರು ಉಳಿದಾರು ಎಂಬ ಪ್ರಶ್ನೆ ಮುಂದಕ್ಕೆ ಬಂದದ್ದು ಟ್ರೋಪೋನಿನ್ ಜತೆಗೆ.

ಟ್ರೋಪೋನಿನ್ ಎಂದರೆ ಸ್ನಾಯು ಬಿಗಿದು ಸಡಿಲಾಗುವುದನ್ನು ನಿಯಂತ್ರಿಸುವ ಪ್ರೋಟೀನು. 1965ರಲ್ಲಿ ಜಪಾನಿನ ಸೆತ್ಸುರೊ ಎಬಾಶಿ ಅದನ್ನು ಗುರುತಿಸಿದರು. ಹೃದಯದ ಟ್ರೋಪೋನಿನ್ ಟಿಯನ್ನು ರಕ್ತದಲ್ಲಿ ಅಳೆಯುವ ವಿಧಾನವನ್ನು ಜರ್ಮನಿಯ ಹ್ಯೂಗೊ ಕಾಟುಸ್ ತಂಡ 1989ರಲ್ಲಿ ಪ್ರಕಟಿಸಿತು. ದಿಕ್ಕು ಬದಲಿಸಿದ್ದು 1996ರ ಒಂದು ಅಮೆರಿಕನ್ ಅಧ್ಯಯನ. ಎದೆನೋವಿನ 1404 ರೋಗಿಗಳಲ್ಲಿ ಟ್ರೋಪೋನಿನ್‌ನ ಇನ್ನೊಂದು ಬಗೆಯಾದ ಟ್ರೋಪೋನಿನ್ ಐ ಮಿಲಿಲೀಟರಿಗೆ 0.4 ನ್ಯಾನೊಗ್ರಾಂಗಿಂತ ಕಡಿಮೆ ಇದ್ದವರ ಪೈಕಿ 42 ದಿನದೊಳಗೆ ತೀರಿಕೊಂಡವರು ಶೇ 1, ಅದಕ್ಕಿಂತ ಮೇಲಿದ್ದವರಲ್ಲಿ ಶೇ 3.7. ಮಟ್ಟ ಏರಿದಷ್ಟೂ ಸಾವಿನ ಪ್ರಮಾಣವೂ ಏರಿತ್ತು. 2000ದಲ್ಲಿ ಹೃದಯಾಘಾತದ ವ್ಯಾಖ್ಯೆಯನ್ನೇ ಟ್ರೋಪೋನಿನ್ ಸುತ್ತ ಹೊಸದಾಗಿ ಬರೆದರು.

ಈ ಚೀಟಿ ಓದುವಾಗ ಮನೆಯವರು ಎಡವುವ ಒಂದು ಜಾಗವಿದೆ. ಹಳೇ ರಿಪೋರ್ಟಿನಲ್ಲಿ 0.02, ಹೊಸದರಲ್ಲಿ 20. ಸಾವಿರ ಪಟ್ಟು ಏರಿತೆಂದು ಕೈಕಾಲು ಬಿಡುತ್ತಾರೆ. ಮೊದಲನೆಯದು ಒಂದು ಮಿಲಿಲೀಟರಿನಲ್ಲಿರುವ ನ್ಯಾನೊಗ್ರಾಂ, ಎರಡನೆಯದು ಒಂದು ಲೀಟರಿನಲ್ಲಿರುವುದು, ಎರಡೂ ಒಂದೇ. ಹಾಗೆಯೇ ಟ್ರೋಪೋನಿನ್ ಟಿಯ ಸಂಖ್ಯೆಯನ್ನು ಟ್ರೋಪೋನಿನ್ ಐ ಜತೆ ಹೋಲಿಸಬಾರದು. ಕೂದಲಿಗೆಂದು ಬಯೋಟಿನ್ ಗುಳಿಗೆ ನುಂಗುವವರು ಅದನ್ನು ಹೇಳಲೇಬೇಕು, ಕೆಲವು ಕಿಟ್‌ಗಳಲ್ಲಿ ಅದು ಟ್ರೋಪೋನಿನ್ನನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಸಣ್ಣ ಊರುಗಳಲ್ಲಿ ಬಳಸುವ, ಗೆರೆ ಮೂಡುವ ಕಾರ್ಡು ನೋವು ಶುರುವಾದ ಮೊದಲ ಎರಡು ಮೂರು ಗಂಟೆಗಳಲ್ಲಿ ‘ಇಲ್ಲ’ ಅಂದರೆ ಅದನ್ನು ನಂಬಿ ಮನೆಗೆ ಹೋಗಬೇಡಿ. ಈಸಿಜಿ ಗೆರೆಯ ಎಸ್‌ಟಿ ಎಂಬ ಭಾಗ ಎದ್ದು ನಿಂತಿದ್ದರಂತೂ ಯಾವ ರಕ್ತಪರೀಕ್ಷೆಗೂ ಕಾಯದೆ ಚಿಕಿತ್ಸೆ ಶುರುವಾಗಬೇಕು.

ಇನ್ನೊಂದು ಎಳೆ ಹೃದಯ ವೈಫಲ್ಯದ್ದು. ಹೃದಯ ನಿಲ್ಲುವುದಲ್ಲ, ಪಂಪು ಸೊರಗುವುದು: ಕಾಲು ಬಾವು, ಮಲಗಿದರೆ ಉಸಿರು ಕಟ್ಟುವುದು. 1981ರಲ್ಲಿ ಕೆನಡಾದ ಅಡಾಲ್ಫೊ ಡಿ ಬೋಲ್ಡ್ ಇಲಿಯ ಹೃದಯದ ಮೇಲ್ಕೋಣೆಯ ರಸವನ್ನು ಬೇರೆ ಇಲಿಗಳಿಗೆ ಚುಚ್ಚಿದಾಗ ಅವು ಧಾರಾಳವಾಗಿ ಮೂತ್ರ ಮಾಡಿದವು. ಹೃದಯ ಬರೀ ಪಂಪಲ್ಲ, ಹಾರ್ಮೋನನ್ನೂ ಸುರಿಸುತ್ತದೆ ಎಂದು ತಿಳಿದದ್ದು ಹಾಗೆ. 1988ರಲ್ಲಿ ಜಪಾನಿನವರು ಹಂದಿಯ ಮಿದುಳಿನಲ್ಲಿ ಆ ಹಾರ್ಮೋನಿನ ತಮ್ಮನಂಥ ಬಿಎನ್‌ಪಿಯನ್ನು (ಬ್ರೈನ್ ನ್ಯಾಟ್ರಿಯುರೆಟಿಕ್ ಪೆಪ್ಟೈಡ್) ಕಂಡರು. ಹೆಸರಿನಲ್ಲಿ ಮಿದುಳು ಉಳಿಯಿತು, ಹುಟ್ಟುವುದು ಮಾತ್ರ ಹೆಚ್ಚಾಗಿ ಹೃದಯದ ಕೆಳಕೋಣೆಯ ಗೋಡೆ ಹಿಗ್ಗಿದಾಗ. ವಾಲ್-ಹೆಫ್ಟ್ ಎಂಬ ದೊಡ್ಡ ಅಧ್ಯಯನದಲ್ಲಿ ರೋಗಿಗಳನ್ನು ಬಿಎನ್‌ಪಿ ಪ್ರಕಾರ ನಾಲ್ಕು ಗುಂಪು ಮಾಡಿದಾಗ ಕೆಳಗಿನ ಗುಂಪಿನಲ್ಲಿ ಸತ್ತವರು ನೂರಕ್ಕೆ ಸುಮಾರು 10, ಮೇಲಿನದರಲ್ಲಿ ಸುಮಾರು 32. ಇನ್ನೂ ಮುಖ್ಯವಾದದ್ದು, ನಾಲ್ಕು ತಿಂಗಳಲ್ಲಿ ಬಿಎನ್‌ಪಿ ಹೆಚ್ಚು ಇಳಿದವರೇ ಹೆಚ್ಚು ಬದುಕಿದರು.

ಬಿಎನ್‌ಪಿ ಬಹಳ ನಾಜೂಕು. ನೇರಳೆ ಮುಚ್ಚಳದ ಪ್ಲಾಸ್ಟಿಕ್ ಟ್ಯೂಬಿನಲ್ಲೇ ತೆಗೆಯಬೇಕು, ಗಾಜಾದರೆ ಬೇಗ ಕೆಡುತ್ತದೆ. ಸುಮಾರು ನಾಲ್ಕು ಗಂಟೆಯೊಳಗೆ ಯಂತ್ರ ಸೇರಬೇಕು. ಏಪ್ರಿಲ್ ಬಿಸಿಲಲ್ಲಿ ಮೊಳಕಾಲ್ಮೂರಿನಿಂದ ಐಸ್ ಡಬ್ಬಿಯಿಲ್ಲದೆ ಚಿತ್ರದುರ್ಗಕ್ಕೆ ಹೊರಟ ಟ್ಯೂಬು ತಲುಪುವ ಹೊತ್ತಿಗೆ ಬಿಎನ್‌ಪಿ ಒಡೆಯತೊಡಗಿರುತ್ತದೆ, ಚೀಟಿಯಲ್ಲಿ ಕಡಿಮೆ ಸಂಖ್ಯೆ ಬರುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಇಂಥ ಕಡೆಗೆ ಅದರ ಜೋಡಿ ತುಂಡಾದ ಎನ್‌ಟಿ-ಪ್ರೊಬಿಎನ್‌ಪಿಯೇ ವಾಸಿ. ಕೋಣೆಯ ಉಷ್ಣತೆಯಲ್ಲಿ ಒಂದೆರಡು ದಿನ ತಾಳುತ್ತದೆ. ಹೃದಯ ವೈಫಲ್ಯಕ್ಕೆ ಕೊಡುವ, ಸಾಕ್ಯುಬಿಟ್ರಿಲ್ ಇರುವ ಗುಳಿಗೆ ತಿನ್ನುವವರಿಗೂ ಇದೇ ಬೇಕು, ಯಾಕಂದರೆ ಆ ಔಷಧಿ ಬಿಎನ್‌ಪಿ ಒಡೆಯುವುದನ್ನೇ ತಡೆದು ಸಂಖ್ಯೆಯನ್ನು ಮೇಲೆತ್ತುತ್ತದೆ. ಏಕಾಏಕಿ ಉಸಿರುಕಟ್ಟಿ ಬಂದವರಲ್ಲಿ ಎನ್‌ಟಿ-ಪ್ರೊಬಿಎನ್‌ಪಿ 300ಕ್ಕಿಂತ ಕಡಿಮೆ ಇದ್ದರೆ ಹೃದಯ ವೈಫಲ್ಯ ಅಲ್ಲವೆಂದೇ ಹೆಚ್ಚುಕಡಿಮೆ ಹೇಳಬಹುದು. ಹೌದು ಅನ್ನಲು 50 ವರ್ಷದೊಳಗಿನವರಿಗೆ 450, 75ರವರೆಗೆ 900, ಅದರ ಮೇಲೆ 1800 ದಾಟಬೇಕು. ಬೊಜ್ಜು ಮೈಯವರಲ್ಲಿ ಇದು ಕಡಿಮೆ ಬರುತ್ತದೆ, ಕಿಡ್ನಿ ಸೋತವರಲ್ಲಿ ಹೆಚ್ಚು.

ಹಾಗಾದರೆ ಸಂಖ್ಯೆಯನ್ನೇ ಗುರಿಯಾಗಿಟ್ಟು ಔಷಧಿ ಏರಿಸಿದರಾಯಿತಲ್ಲ? 2017ರಲ್ಲಿ ಪ್ರಕಟವಾದ ಗೈಡ್-ಐಟಿ ಅಧ್ಯಯನದಲ್ಲಿ 894 ರೋಗಿಗಳ ಮೇಲೆ ಅದನ್ನೇ ನೋಡಿದರು. ಎನ್‌ಟಿ-ಪ್ರೊಬಿಎನ್‌ಪಿಯನ್ನು 1000ಕ್ಕಿಂತ ಕೆಳಗಿಳಿಸುವ ಗುರಿ ಇಟ್ಟು ಚಿಕಿತ್ಸೆ ಮಾಡಿದ್ದಕ್ಕೂ ಮಾಮೂಲಿ ಒಳ್ಳೆಯ ಚಿಕಿತ್ಸೆಗೂ ವ್ಯತ್ಯಾಸ ಕಾಣದೆ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಆದ್ದರಿಂದ ತಿಂಗಳು ತಿಂಗಳು ದುಬಾರಿ ಪರೀಕ್ಷೆ ಮಾಡಿಸುವುದಕ್ಕಿಂತ ಅದೇ ದುಡ್ಡನ್ನು ತಪ್ಪದೆ ಗುಳಿಗೆಗೆ ಹಾಕುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ಆಸ್ಪತ್ರೆ ಸೇರಿದ ದಿನ ಒಮ್ಮೆ, ಬಿಡುಗಡೆಯ ಹೊತ್ತಿಗೆ ಒಮ್ಮೆ ಮಾಡಿಸುವುದು ಮಾತ್ರ ದಂಡವಲ್ಲ. ಶೇ 30ರಷ್ಟೂ ಇಳಿಯದವರು ಮತ್ತೆ ದಾಖಲಾಗುವ, ಜೀವಕ್ಕೇ ಕುತ್ತು ಬರುವ ಅಪಾಯ ಹೆಚ್ಚು; ಅವರನ್ನು ವಾರದೊಳಗೇ ಮತ್ತೆ ನೋಡಬೇಕು.

ಇನ್ನು ಯಾವ ಊರಿನ ಲ್ಯಾಬಿನಲ್ಲೂ ಸಿಗುವ ಅಗ್ಗದ ಗುರುತುಗಳಿವೆ. ಸೋಡಿಯಂ 135ರ ಕೆಳಗಿಳಿದರೆ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಏರುತ್ತ ಹೋದರೆ ಅದು ಕೆಟ್ಟ ಸೂಚನೆ. ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆಯ ಚೀಟಿಯಲ್ಲಿ ಯಾರೂ ಕಣ್ಣು ಹಾಯಿಸದ ಆರ್‌ಡಿಡಬ್ಲ್ಯು ಎಂಬ ಸಾಲು ಕೆಂಪು ಕಣಗಳ ಗಾತ್ರ ಎಷ್ಟು ಏರುಪೇರಾಗಿದೆ ಎಂದು ಹೇಳುತ್ತದೆ. ಅದು ಹೆಚ್ಚಿದ್ದಷ್ಟೂ ಹೃದಯ ವೈಫಲ್ಯದ ರೋಗಿಗಳ ಆಯಸ್ಸು ಕುಗ್ಗುತ್ತದೆಂದು 2007ರಲ್ಲೇ ಕಂಡುಕೊಂಡಿದ್ದಾರೆ. ಕಬ್ಬಿಣದ ಕೊರತೆಯಲ್ಲೂ ಅದು ಏರುವುದರಿಂದ ಜತೆಗೆ ಮೈಯಲ್ಲಿನ ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್ ನೋಡಿಸಬೇಕು.

ಊರಿಂದ ಹೊರಡುವಾಗ ಹಳೇ ಚೀಟಿಗಳನ್ನೆಲ್ಲ ಒಂದೇ ಫೈಲಿನಲ್ಲಿ ತನ್ನಿ. ರಕ್ತ ಕೊಟ್ಟ ದಿನಾಂಕ, ಗಂಟೆ, ಆ ದಿನದ ತೂಕ, ತಿನ್ನುತ್ತಿದ್ದ ಗುಳಿಗೆಗಳನ್ನು ಚೀಟಿಯ ಹಿಂದೆ ಬರೆದಿಡಿ. ಎರಡನೇ ಸಲವೂ ಅದೇ ಲ್ಯಾಬಿನಲ್ಲೇ ಮಾಡಿಸಿ. ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದ್ದರೆ ರಿಪೋರ್ಟು ಬರಲಿ ಎಂದು ಕೂರದೆ ಅವತ್ತೇ ಹೊರಡಿ.