ವಿರಾಮದ ನಂತರ ಮಾಡೆಲ್‌ನ ಭಂಗಿ ಯಾಕೆ ತಪ್ಪುತ್ತದೆ?

ಪ್ರಶ್ನೆ: ಎದುರಿಗೆ ಕೂರಿಸಿ ಚಿತ್ರ ಬರೆಯುವಾಗ ಮಾಡೆಲ್ ಎದ್ದು ಹೋಗಿ ಬಂದು ಕೂತರೆ ತಲೆ ಮೊದಲಿನ ಹಾಗೆ ಇರುವುದೇ ಇಲ್ಲ. "ಸ್ವಲ್ಪ ಎಡಕ್ಕೆ, ಸ್ವಲ್ಪ ಮೇಲೆ" ಅಂತ ಹೇಳಿ ಹೇಳಿ ಸಾಕಾಗುತ್ತದೆ. ಏನು ಮಾಡಬೇಕು?

ಉತ್ತರ: ತಲೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ತಪ್ಪಿರುವುದು ಹೆಚ್ಚಾಗಿ ಸೊಂಟದಲ್ಲಿ. ಕುರ್ಚಿಯಲ್ಲಿ ಎರಡು ಇಂಚು ಮುಂದೆ ಜಾರಿ ಕೂತರೂ ಬೆನ್ನು ಬಾಗುತ್ತದೆ, ಭುಜ ಇಳಿಯುತ್ತದೆ, ಗಲ್ಲ ಮುಂದೆ ಚಾಚುತ್ತದೆ. ಆಗ ತಲೆಯನ್ನಷ್ಟೇ ತಿರುಗಿಸಿದರೆ ಕತ್ತು ಬಿಗಿಯಾಗುತ್ತದೆ, ಚಿತ್ರದಲ್ಲೂ ಆ ಬಿಗಿತ ಕಾಣುತ್ತದೆ. ಕೆಳಗಿನಿಂದ ಸರಿಪಡಿಸುತ್ತಾ ಬನ್ನಿ: ಪಾದ, ಸೊಂಟ, ಭುಜ, ಕೊನೆಗೆ ತಲೆ.

ಇದಕ್ಕೆ ಗುರುತು ಬೇಕು. 20 ನಿಮಿಷಕ್ಕೊಮ್ಮೆ 5 ನಿಮಿಷ ವಿರಾಮ ಕೊಡಿ. ಮೊದಲ ಸಲ ಏಳುವ ಮುಂಚೆಯೇ ಮಾಸ್ಕಿಂಗ್ ಟೇಪ್ ಅಂಟಿಸಿ. ಹಿಮ್ಮಡಿ, ಹೆಬ್ಬೆರಳು, ಕುರ್ಚಿಯ ಕಾಲುಗಳು, ಕೈ ಊರಿದ ಜಾಗ, ತೊಡೆ ಆಸನದ ಅಂಚನ್ನು ದಾಟುವ ಜಾಗ, ಎಲ್ಲಕ್ಕೂ. ಕೂತ ತಕ್ಷಣ ಮಾತ್ರ ಅಂಟಿಸಬೇಡಿ. ಮೊದಲ ಹತ್ತು ನಿಮಿಷದಲ್ಲಿ ಮೈ ಕುಸಿದು ತನ್ನ ನೆಲೆ ಹುಡುಕಿಕೊಳ್ಳುತ್ತದೆ. ನೆಟ್ಟಗೆ ಕೂತ ಆ ಮೊದಲ ಭಂಗಿ ಯಾರಿಗೂ ಮರಳಿ ಸಿಗುವುದಿಲ್ಲ. ಆ ಹೊತ್ತನ್ನು ಚಾರ್ಕೋಲಿನ ಸಣ್ಣ ಸ್ಕೆಚ್‌ಗಳಿಗೆ ಬಳಸಿ.

ನೋಟಕ್ಕೆ ಗೋಡೆಯ ಮೇಲೊಂದು ಚುಕ್ಕೆ ಎಲ್ಲರೂ ಇಡುತ್ತಾರೆ. ಅದೊಂದೇ ಸಾಲದು, ತಲೆ ತಿರುಗಿದ್ದರೂ ಕಣ್ಣು ಚುಕ್ಕೆಯನ್ನೇ ನೋಡಬಲ್ಲದು. ನೀವು ನಿಂತಲ್ಲಿಂದ ಒಂದು ಕಣ್ಣು ಮುಚ್ಚಿ, ಕಿವಿಯ ಹಾಲೆ ಮೂಗಿನ ಬುಡಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗೆ ಕಾಣುತ್ತದೆ ಎಂದು ನೋಡಿಟ್ಟುಕೊಳ್ಳಿ. ನಿಮ್ಮ ಪಾದಕ್ಕೂ ಈಸೆಲ್‌ನ (ಚಿತ್ರ ನಿಲ್ಲಿಸುವ ಸ್ಟ್ಯಾಂಡ್) ಕಾಲಿಗೂ ಟೇಪ್ ಬೇಕು. ಎಷ್ಟೋ ಸಲ ಜರುಗಿರುವುದು ಮಾಡೆಲ್ ಅಲ್ಲ, ಚಿತ್ರಕಾರರೇ.

ಸೀರೆಯ ನೆರಿಗೆ ಯಾವ ಟೇಪಿಗೂ ಮರಳಿ ಬರುವುದಿಲ್ಲ. ಸೆರಗನ್ನು ಭುಜಕ್ಕೆ ಪಿನ್ ಮಾಡಿ, ಮಡಿಲ ಮೇಲಿನ ಮಡಿಕೆಗಳನ್ನು ಮಾಡೆಲ್ ಏಳುವ ಮುಂಚೆ ಒಂದೇ ಸಲಕ್ಕೆ ಬರೆದು ಮುಗಿಸಿ.

ಭಂಗಿ ಸರಿಯಿದ್ದೂ ಮುಖ ಬೇರೆ ಕಂಡರೆ ಬೆಳಕು ಸರಿದಿರುತ್ತದೆ. ಉತ್ತರದ ಕಿಟಕಿಯ ಬೆಳಕು ಸ್ಥಿರ ಎನ್ನುವುದು ಯುರೋಪಿನ ಮಾತು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯನೂ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಬೆಳಿಗ್ಗೆ, ಸಂಜೆ ಬಿಸಿಲು ನೇರ ಒಳಗೆ ಬೀಳುತ್ತದೆ. ಆ ತಿಂಗಳುಗಳಲ್ಲಿ ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ.