ಸಂತೆ ಇಬ್ಬರಿಗೂ ಬಂದ್, ಆದರೆ ಕಣಜ ಯಾರದು ತುಂಬಿತ್ತು?

ಪ್ರಶ್ನೆ: ದಾಳಿಗೆ ತುತ್ತಾದ ದೇಶದ ಮೇಲಿನ ಶಸ್ತ್ರಾಸ್ತ್ರ ನಿರ್ಬಂಧ ತೆಗೆಯಬೇಕೇ? ಬೋಸ್ನಿಯಾದಲ್ಲಿ ನಿರ್ಬಂಧ ಎಲ್ಲ ಕಡೆಯವರಿಗೂ ಒಂದೇ ಆಗಿತ್ತಲ್ಲ, ಅದರಲ್ಲಿ ಅನ್ಯಾಯ ಏನು ಬಂತು?

ಉತ್ತರ: ತೆಗೆಯಬೇಕಿತ್ತು, ಅದೂ 1992ರ ಮೇ ತಿಂಗಳಲ್ಲೇ. ಮೊದಲ ಪ್ರಶ್ನೆಗೆ ಇಷ್ಟು ಸಾಕು. ಪ್ರತಿ ಸಲ ತಲೆ ತಿನ್ನುವುದು ಎರಡನೆಯದು.

ಊರಿನ ಸಂತೆ ಬಂದ್ ಮಾಡಿದರೆ ಕಣಜ ತುಂಬಿಕೊಂಡವನಿಗೂ ಬಿತ್ತನೆಗೆ ಕಾಳಿಲ್ಲದವನಿಗೂ ಒಂದೇ ತೊಂದರೆಯೇ? ಆಯುಧ ಪೂರೈಕೆ ನಿಷೇಧಿಸಿದ, ವಿಶ್ವಸಂಸ್ಥೆ ಭದ್ರತಾ ಮಂಡಳಿಯ 713ನೇ ನಿರ್ಣಯ ಬಂದದ್ದು 1991ರ ಸೆಪ್ಟೆಂಬರ್ 25ರಂದು, ಇಡೀ ಯುಗೊಸ್ಲಾವಿಯಾದ ಮೇಲೆ, ಯುಗೊಸ್ಲಾವಿಯಾ ಸರ್ಕಾರದ ಒಪ್ಪಿಗೆಯಿಂದಲೇ. ಹದಿನೈದಕ್ಕೆ ಹದಿನೈದು ಮತ. ಆಗ ಮಂಡಳಿಯಲ್ಲಿದ್ದ ಭಾರತದ್ದೂ ಅದರಲ್ಲಿ ಸೇರಿದೆ. ಬೋಸ್ನಿಯಾ ಎಂಬ ಸ್ವತಂತ್ರ ದೇಶ ಅಂದು ಇರಲೇ ಇಲ್ಲ, ಯುಗೊಸ್ಲಾವಿಯಾದ ಒಂದು ಗಣರಾಜ್ಯವಾಗಿತ್ತು ಅಷ್ಟೇ. ಅದು ವಿಶ್ವಸಂಸ್ಥೆಯ ಸದಸ್ಯನಾದದ್ದು 1992ರ ಮೇ 22ರಂದು. ಹಳೆಯ ನಿರ್ಬಂಧ ಹಾಗೇ ಅದರ ಕೊರಳಿಗೆ ಬಿತ್ತು.

ಈಗ ಕಣಜ ನೋಡಿ. ಗಣರಾಜ್ಯಗಳ ಸ್ಥಳೀಯ ರಕ್ಷಣಾ ಪಡೆಗಳ ಆಯುಧಗಳನ್ನು ಯುಗೊಸ್ಲಾವ್ ಸೇನೆ 1990ರಲ್ಲೇ ತನ್ನ ಉಗ್ರಾಣಕ್ಕೆ ಸಾಗಿಸಿಕೊಂಡಿತ್ತು. 1992ರ ಮೇನಲ್ಲಿ ಆ ಸೇನೆ ಬೋಸ್ನಿಯಾದಿಂದ 'ವಾಪಸಾಯಿತು'. ಟ್ಯಾಂಕು, ಫಿರಂಗಿ, ಮದ್ದುಗುಂಡು, ಅಧಿಕಾರಿಗಳು ಬಹುಪಾಲು ಅಲ್ಲೇ ಉಳಿದರು. ಮೇ 12ರಂದು ಹುಟ್ಟಿದ್ದ, ರಾತ್ಕೊ ಮ್ಲಾದಿಚ್ ನೇತೃತ್ವದ ಬೋಸ್ನಿಯನ್ ಸರ್ಬ್ ಸೇನೆಗೆ ಸೇರಿದರು. ಒಂದು ಬದಿಗೆ ಸುಮಾರು 300 ಟ್ಯಾಂಕು. ಇನ್ನೊಂದು ಬದಿಯಲ್ಲಿ, ಬೋಸ್ನಿಯಾ ಸರ್ಕಾರದ ಕಡೆ, ಜನರಿದ್ದರು, ಬಂದೂಕು ಇರಲಿಲ್ಲ. ಕಂದಕದಲ್ಲಿ ಪಾಳಿ ಮುಗಿಸಿದವನು ಬಂದೂಕನ್ನು ಮುಂದಿನವನ ಕೈಗೆ ಕೊಟ್ಟು ಬರುತ್ತಿದ್ದ. ಇದನ್ನೇ 'ಇಬ್ಬರಿಗೂ ಒಂದೇ' ಎನ್ನುವುದು.

ತಕ್ಷಣ ಬರುವ ಮರುಪ್ರಶ್ನೆಯೂ ಗೊತ್ತು: ಕಳ್ಳದಾರಿಯಲ್ಲಿ ಆಯುಧ ಬಂದವಲ್ಲ? ಬಂದವು. ಏನು ಬಂತು ಎಂದು ಕೇಳಿ. ಸರ್ಬ್ ಸೇನೆ ಮುತ್ತಿಗೆ ಹಾಕಿದ್ದ ರಾಜಧಾನಿ ಸರಯೇವೊದ ವಿಮಾನ ನಿಲ್ದಾಣದ ಅಡಿಯಲ್ಲಿ, ದೊಬ್ರಿನ್ಯಾದಿಂದ ಬುತ್ಮಿರ್‌ವರೆಗೆ 1993ರ ಜುಲೈ ಅಂತ್ಯಕ್ಕೆ ಮುಗಿದ ಸುರಂಗದ ಉದ್ದ ಸುಮಾರು 800 ಮೀಟರ್, ಅಗಲ ಒಂದು ಮೀಟರ್, ಎತ್ತರ ಒಂದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು. ಬೆನ್ನು ಬಗ್ಗಿಸಿ ನಡೆಯಬೇಕು. ಹಳಿಯ ಮೇಲೆ ಪುಟ್ಟ ತಳ್ಳುಬಂಡಿ. ಗುಂಡಿನ ಪೆಟ್ಟಿಗೆ, ಹಿಟ್ಟಿನ ಮೂಟೆ ದಾಟುತ್ತವೆ. ಬೆಟ್ಟದ ಮೇಲಿನ ಫಿರಂಗಿಗೆ ಉತ್ತರ ಕೊಡಬಲ್ಲ ಫಿರಂಗಿ ದಾಟುವುದಿಲ್ಲ. ಕಳ್ಳಸಾಗಣೆಯಲ್ಲಿ ಕೋವಿ ಬರಬಹುದು, ಸಮಬಲ ಬರುವುದಿಲ್ಲ.

ಹಾಗಂತ ನಿರ್ಬಂಧ ತೆಗೆದ ಮರುದಿನವೇ ಎಲ್ಲ ಸರಿಹೋಗುತ್ತಿತ್ತೆಂದೂ ಅಲ್ಲ. ಬೋಸ್ನಿಯಾಕ್ಕಿರುವುದು ನೆಉಮ್ ಬಳಿ ಇಪ್ಪತ್ತು ಕಿಲೋಮೀಟರ್ ಕರಾವಳಿ, ಹಡಗು ನಿಲ್ಲುವ ದೊಡ್ಡ ಬಂದರಿಲ್ಲ. ಸರಕು ಇಳಿಯಬೇಕಾದದ್ದು ಕ್ರೊಯೇಷಿಯಾದ ಪ್ಲೋಚೆಯಲ್ಲಿ. ಕ್ರೊಯೇಷಿಯಾ ಬಾಗಿಲು ಹಾಕಿದರೆ ನಿರ್ಣಯ ಕಾಗದದ ಮೇಲೇ ಇರುತ್ತದೆ; 1993ರಲ್ಲಿ ಬೋಸ್ನಿಯನ್ ಕ್ರೊಯೇಟರ ಜತೆ ಕಾಳಗ ಭುಗಿಲೆದ್ದಾಗ ಆದದ್ದೂ ಅದೇ. ಜತೆಗೆ ಅಳತೆಯ ತಲೆನೋವು: ಅಮೆರಿಕದ ಎಂ-60 ಟ್ಯಾಂಕಿನ ಗುಂಡು 105 ಮಿ.ಮೀ., ಅಲ್ಲಿ ಬಳಕೆಯಲ್ಲಿದ್ದ ಟಿ-55ರದ್ದು 100. ಟ್ಯಾಂಕು ಕೊಟ್ಟವರು ಗುಂಡು, ಬಿಡಿಭಾಗ, ತರಬೇತಿ ಮೂರನ್ನೂ ಕೊಡಬೇಕು. ಯುದ್ಧ ಮುಗಿದ ಮೇಲೆ, 1996ರಲ್ಲಿ, 45 ಎಂ-60 ಹೊತ್ತು ಬಂದ ಅಮೆರಿಕನ್ ಹಡಗು ಪ್ಲೋಚೆಯ ಎದುರೇ ವಾರಗಟ್ಟಲೆ ಲಂಗರು ಹಾಕಿ ಕೂತಿತ್ತು. ಬೋಸ್ನಿಯಾದ ಉಪ ರಕ್ಷಣಾ ಸಚಿವರನ್ನು ಹುದ್ದೆಯಿಂದ ಇಳಿಸಿದರೇ ಟ್ಯಾಂಕು ಇಳಿಸುತ್ತೇವೆ ಎಂಬ ಷರತ್ತು. ಸಚಿವರು ಇಳಿದರು, ಆಮೇಲೆ ಟ್ಯಾಂಕು ಇಳಿಯಿತು.

ನಿರ್ಬಂಧ ತೆಗೆದರೆ ತಮ್ಮ ಸೈನಿಕರಿಗೆ ಅಪಾಯ ಎಂಬ ಬ್ರಿಟನ್ ಮತ್ತು ಫ್ರಾನ್ಸ್‌ನ ಆಕ್ಷೇಪ ಪೂರ್ತಿ ಪೊಳ್ಳಲ್ಲ. ಅವರ ಶಾಂತಿಪಾಲಕರು ನೆಲದ ಮೇಲಿದ್ದರು. 1995ರ ಮೇನಲ್ಲಿ ನೇಟೋ ಸರ್ಬ್ ಸೇನೆಯ ಮೇಲೆ ಬಾಂಬ್ ಹಾಕಿದಾಗ ಮುನ್ನೂರಕ್ಕೂ ಹೆಚ್ಚು ಶಾಂತಿಪಾಲಕರು ಆ ಸೇನೆಯ ಒತ್ತೆಯಾಳಾದರು. ಆದ್ದರಿಂದಲೇ 1992ರ ಮೇ ಎಂದೆ. ವಿಶ್ವಸಂಸ್ಥೆಯ ಪಡೆಯ ಮುಖ್ಯ ಕಚೇರಿ ಆ ತಿಂಗಳ ಮಧ್ಯದವರೆಗೆ ಸರಯೇವೊದಲ್ಲಿದ್ದರೂ ಅದರ ಕೆಲಸ ಕ್ರೊಯೇಷಿಯಾದಲ್ಲಿತ್ತು. ದಂಡನಾಯಕರು ನಮ್ಮ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಬೋಸ್ನಿಯಾದ ಊರೂರಲ್ಲಿ ಶಾಂತಿಪಾಲಕರು ಹರಡಿಕೊಳ್ಳುವ ಮೊದಲೇ ತೀರ್ಮಾನ ಆಗಬೇಕಿತ್ತು.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಹೇರಿದಷ್ಟು ಸುಲಭವಾಗಿ ತೆಗೆಯಲು ಏಕೆ ಆಗಲಿಲ್ಲ? 713ಕ್ಕೆ ಮುಕ್ತಾಯದ ದಿನಾಂಕವೇ ಇರಲಿಲ್ಲ. ತೆಗೆಯಲು ಹೊಸ ನಿರ್ಣಯ ಬೇಕು, ಅದಕ್ಕೆ ಒಂಬತ್ತು ಮತ ಬೇಕು, ಮೇಲೆ ವಿಟೊ ಭಯ. 1993ರ ಜೂನ್ 29ರಂದು ಬೋಸ್ನಿಯಾವನ್ನು ಹೊರತುಪಡಿಸುವ ನಿರ್ಣಯಕ್ಕೆ ಆರು ಮತ ಬಿದ್ದವು, ಒಂಬತ್ತು ದೇಶ ತಟಸ್ಥ. ವಿರೋಧ ಒಂದೂ ಇಲ್ಲ, ಆದರೂ ಬಿದ್ದುಹೋಯಿತು. ದಿನಾಂಕ ಬರೆದಿದ್ದರೆ ಲೆಕ್ಕ ತಿರುವುಮುರುವಾಗುತ್ತದೆ, ಮತ ಕೂಡಿಸುವ ಪಾಡು ಮುಂದುವರಿಸಬೇಕೆನ್ನುವವರದ್ದು. ಇರಾನ್ ಮೇಲಿನ ಶಸ್ತ್ರ ನಿರ್ಬಂಧವನ್ನು ವಿಸ್ತರಿಸಲು 2020ರ ಆಗಸ್ಟ್‌ನಲ್ಲಿ ಅಮೆರಿಕ ಯತ್ನಿಸಿದಾಗ ಅದರ ಜತೆ ಕೈ ಎತ್ತಿದ್ದು ಡೊಮಿನಿಕನ್ ಗಣರಾಜ್ಯ ಒಂದೇ. ಅಕ್ಟೋಬರ್ 18ಕ್ಕೆ ಅವಧಿ ತಾನಾಗಿ ಮುಗಿಯಿತು. ದಕ್ಷಿಣ ಸುಡಾನಿನದ್ದನ್ನು ವರ್ಷ ವರ್ಷ ನವೀಕರಿಸಬೇಕು. 2024ರ ಮೇನಲ್ಲಿ ಅದು ಉಳಿದುಕೊಂಡದ್ದು ಸರಿಯಾಗಿ ಒಂಬತ್ತು ಮತಗಳಿಂದ.