ರಂಗಯ್ಯನ ಬಾಗಿಲ ಕಲ್ಲಿನ ಕಟ್ಟಡ ಮದಕರಿ ನಾಯಕರ ಅರಮನೆನಾ?

ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದೀನೋ ನನಗೇ ಲೆಕ್ಕ ತಪ್ಪಿದೆ, ಆದ್ರೂ ಚಿತ್ರದುರ್ಗಕ್ಕೆ ಬಂದು ಆ ಬಾಗಿಲಿನ ಮ್ಯೂಸಿಯಂ ನೋಡ್ಕೊಂಡು ಹೋದೋರೆಲ್ಲ ಇದನ್ನೇ ಕೇಳ್ತಾರೆ, ಅದಕ್ಕೆ ಈ ಸಲ ಪೂರ್ತಿ ಬರೆದುಬಿಡ್ತೀನಿ.

ಹೆಸರಲ್ಲೇ ಇದೆಯಲ್ರೀ, ಬಾಗಿಲು ಅಂತ. ಬೆಟ್ಟದ ಕೆಳಗೆ ಊರನ್ನೂ ಸೇರಿಸ್ಕೊಂಡು ಹೊರಕೋಟೆ ಇತ್ತು, ಅದಕ್ಕೆ ರಂಗಯ್ಯನ ಬಾಗಿಲು, ಸಿದ್ದಯ್ಯನ ಬಾಗಿಲು, ಉಚ್ಚಂಗಿ ಬಾಗಿಲು, ಲಾಲ್‌ಕೋಟೆ ಬಾಗಿಲು ಅಂತ ದಾರಿಗಳಿದ್ದವು. ಕೋಟೆ ಬಾಗಿಲು ಅಂದ್ರೆ ಎರಡು ಕದ ಅಷ್ಟೇ ಅಲ್ಲ, ಕಂಬ, ಚಪ್ಪಡಿ ಸೂರು, ಕಾವಲಿನೋರು ಕೂರೋ ಜಗಲಿ ಎಲ್ಲ ಸೇರಿ ಒಂದು ಮನೆ ಥರಾನೇ ಕಾಣುತ್ತೆ. ಅಕ್ಕಪಕ್ಕದ ಗೋಡೆ ಊರು ಬೆಳೆದಂಗೆ ಹೋಗಿ ಬಾಗಿಲು ಒಂದೇ ಉಳ್ಕೊಂಡಾಗ ನೋಡಿದೋರು ಇದ್ಯಾರದೋ ದೊಡ್ಡ ಮನೆ ಅಂದ್ಕೊಳ್ಳೋದು ಸಹಜ, ಅದರಲ್ಲಿ ನಿಮ್ಮ ತಪ್ಪೇನಿಲ್ಲ.

ಆದ್ರೆ "ರಾಜ ಅಂದ್ಮೇಲೆ ಕಲ್ಲಿನ ಅರಮನೇಲೇ ಇದ್ದಿರ್ಬೇಕು" ಅನ್ನೋ ನಂಬಿಕೆ ಇದೆಯಲ್ಲ, ಅದು ಮಾತ್ರ ನನಗೆ ಬೇಜಾರು ತರಿಸುತ್ತೆ. ಬೆಟ್ಟ ಹತ್ತಿ ನೋಡ್ರಿ. ಮೇಲೆ ಅರಮನೆ ಜಾಗ ಅಂತ ತೋರಿಸ್ತಾರೆ, ಅಲ್ಲಿ ನಿಂತಿರೋದು ಮಣ್ಣಿನ ಗೋಡೆ! ಟಂಕಸಾಲೆ, ಅಂದ್ರೆ ನಾಣ್ಯ ಅಚ್ಚು ಹಾಕ್ತಿದ್ದ ಜಾಗ, ಅನ್ನೋ ಕಡೇನೂ ಮಣ್ಣೇ. ನಮ್ಮ ಜನ ಅದರ ಪಕ್ಕದಲ್ಲೇ ನಡ್ಕೊಂಡು ಹೋಗ್ತಾರೆ, ಯಾವುದೋ ಹಾಳು ಗೋಡೆ ಅಂತ ತಿರುಗಿ ಕೂಡ ನೋಡಲ್ಲ, ಆಮೇಲೆ ಕೆಳಗೆ ಬಂದು ಅರಮನೆ ಎಲ್ಲಿ ಅಂತ ಕೇಳ್ತಾರೆ. ಹಿಡಿಂಬೇಶ್ವರ, ಏಕನಾಥೇಶ್ವರಿ, ಸಂಪಿಗೆ ಸಿದ್ದೇಶ್ವರ ದೇವಸ್ಥಾನಗಳೆಲ್ಲ ಕಲ್ಲಲ್ಲೇ ಇದಾವೆ, ಕೋಟೆ ಗೋಡೆಗೂ ಕಲ್ಲೇ ಬಳಸಿದಾರೆ, ಯಾಕಂದ್ರೆ ಅದು ಏಟು ತಡೀಬೇಕು. ಮನುಷ್ಯರು ಇರೋ ಜಾಗದ ಲೆಕ್ಕ ಬೇರೆ. ಏಪ್ರಿಲ್ ಮಧ್ಯಾಹ್ನ ದುರ್ಗದ ಬಂಡೆ ಮೇಲೆ ಬರಿಗಾಲಲ್ಲಿ ನಿಂತೋರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ, ದಪ್ಪ ಮಣ್ಣಿನ ಗೋಡೆ ಒಳಗೆ ಎಷ್ಟು ತಂಪು ಅಂತ ಹಳ್ಳಿ ಮನೇಲಿ ಬೆಳೆದ ಯಾರನ್ನ ಕೇಳಿದ್ರೂ ಗೊತ್ತಾಗುತ್ತೆ. ಮಣ್ಣಿನ ಮನೆ ಅಂದ್ರೆ ಬಡವರ ಮನೆ ಅಂತ ಲೆಕ್ಕ ಹಾಕೋದು ನಾವು, ಆ ಕಾಲದೋರಲ್ಲ. 1779ರಲ್ಲಿ ಹೈದರಾಲಿ ಕೋಟೆ ಹಿಡಿದು ಕೊನೇ ಮದಕರಿ ನಾಯಕರನ್ನ ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಸೂರು ನೋಡ್ಕೊಳ್ಳೋರಿಲ್ಲದ ಮಣ್ಣಿನ ಮನೆ ಮಳೆಗೆ ಎಷ್ಟು ದಿನ ನಿಲ್ಲುತ್ತೆ ಹೇಳ್ರಿ? ಅಷ್ಟು ಗೋಡೆ ಇನ್ನೂ ನಿಂತಿರೋದೇ ಕಟ್ಟಿದೋರ ಕೈಗುಣ.

ಇನ್ನೊಂದು ಮಾತು. ಇದನ್ನ ಯಾರೂ ಕೇಳಲ್ಲ, ಆದ್ರೆ ಕೇಳ್ಬೇಕಾಗಿತ್ತು: ಬಂಡೆ ಬಿಟ್ರೆ ಬೇರೇನಿಲ್ಲದ ಆ ಬೆಟ್ಟದ ಮೇಲೆ ಅಷ್ಟು ಜನ ನೀರಿಗೇನು ಮಾಡ್ತಿದ್ರು? ಮಳೆ ನೀರು ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತೆ, ಅದು ತುಂಬಿದ್ರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಮೇಲಿನೋರು ಕುಡಿದು ಮಿಕ್ಕ ನೀರು ಕೆಳಗಿನೋರಿಗೆ ಹರಿದು ಬರೋ ಹಂಗೆ, ಪಂಪಿಲ್ಲ ಮೋಟರಿಲ್ಲ, ಬರೀ ಇಳಿಜಾರು ನೋಡ್ಕೊಂಡು ಮಾಡಿದಾರೆ. ಮುಂದಿನ ಸಲ ಬಂದಾಗ ಮಳೆಗಾಲದಲ್ಲಿ ಬನ್ನಿ, ಆ ಮಣ್ಣಿನ ಗೋಡೆ ನೋಡ್ಕೊಂಡು ಅಲ್ಲಿಂದ ಅಕ್ಕ-ತಂಗಿ ಹೊಂಡದ ಕಡೆ ಇಳೀರಿ.